ಕ್ಷಮಿಸುವ ಹಕ್ಕು ಯಾರದು?

(ನಮ್ಮೂರಿನ ಓದುಗರ ಬಳಗದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ನಂತರ ಬಂದ ಎರಡು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಪರಾಧ, ಶಿಕ್ಷೆ, ಕ್ಷಮೆ ಅಂದ ಕೂಡಲೇ ನಮ್ಮಲ್ಲಿ ಒಂದು ಮಾತು ತಟ್ಟನೆ ಬಂದುಬಿಡುತ್ತದೆ. ಕ್ರೈಸ್ತರದು ಕ್ಷಮೆಯ ಧರ್ಮ, ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನು ತೋರಿಸುವವರು. ಮುಸ್ಲಿಮರದು ಕೈ ಕಡಿಯುವ, ತಲೆ ತೆಗೆಯುವ ಕಾನೂನು. ಬಸ್‌ಸ್ಟ್ಯಾಂಡಿನಲ್ಲೂ ಇದೇ ಮಾತು, ಟಿವಿ ಚರ್ಚೆಯಲ್ಲೂ ಇದೇ ಮಾತು. ಇದು ಅರ್ಧಂಬರ್ಧ ತಿಳಿವಳಿಕೆ. ಎರಡೂ ಕಡೆ ಕ್ಷಮೆ ಇದೆ. ಎರಡೂ ಕಡೆ ನೇಣುಗಂಬವೂ ಇದೆ. ವ್ಯತ್ಯಾಸ ಇರುವುದು ಬೇರೆ ಜಾಗದಲ್ಲಿ: ಕ್ಷಮಿಸಬೇಕಾದವರು ಯಾರು, ಅವರು ಕ್ಷಮಿಸಿದರೆ ಅಪರಾಧಿಗೆ ಏನಾಗುತ್ತದೆ? ಇವತ್ತು ನಾನು ಈ ಒಂದೇ ಎಳೆ ಹಿಡಿದುಕೊಂಡು ಹೋಗುತ್ತೇನೆ.

ಮೊದಲು ಒಡಿಶಾ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯಾದವರು. 1965ರಲ್ಲಿ ಮಯೂರ್‌ಭಂಜ್ ಜಿಲ್ಲೆಯ ಬಾರಿಪದಕ್ಕೆ ಬಂದು ಕುಷ್ಠರೋಗಿಗಳ ಸೇವೆಗೆ ನಿಂತವರು. 1999ರ ಜನವರಿ 22ರ ರಾತ್ರಿ ಕಿಯೋಂಝರ್ ಜಿಲ್ಲೆಯ ಮನೋಹರಪುರ ಎಂಬ ಹಳ್ಳಿಯಲ್ಲಿ ಚಳಿಗೆ ತಮ್ಮ ಜೀಪಿನೊಳಗೇ ಮಲಗಿದ್ದರು. ಪಕ್ಕದಲ್ಲಿ 10 ವರ್ಷದ ಫಿಲಿಪ್, 6 ವರ್ಷದ ತಿಮೋತಿ. ಗುಂಪೊಂದು ಬಂದು ಜೀಪಿಗೆ ಬೆಂಕಿ ಹಚ್ಚಿತು. ಮೂವರೂ ಸತ್ತರು.

ಬಾರಿಪದದಲ್ಲಿ ಉಳಿದವರು ಹೆಂಡತಿ ಗ್ಲಾಡಿಸ್ ಮತ್ತು ಮಗಳು. ಕೊಂದವರನ್ನು ಕ್ಷಮಿಸಿದ್ದೇನೆ, ಯಾರ ಮೇಲೂ ದ್ವೇಷವಿಲ್ಲ ಎಂದು ಗ್ಲಾಡಿಸ್ ಬಹಿರಂಗವಾಗಿ ಹೇಳಿದರು. ಅವರಿಗೆ ಶಿಕ್ಷೆ ಕೊಡಿಸುವ ಆಸೆ ತನಗಿಲ್ಲ, ಪಶ್ಚಾತ್ತಾಪಪಟ್ಟು ಬದಲಾಗಲಿ ಎಂಬುದೇ ತನ್ನ ಬಯಕೆ ಎಂದೂ ಹೇಳಿದರು. ಬರೀ ಹೇಳಿ ಊರು ಬಿಡಲಿಲ್ಲ. 2004ರವರೆಗೆ ಅಲ್ಲೇ ಇದ್ದು ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು.

ಈಗ ಕೋರ್ಟಿನ ಕಡೆ ನೋಡಿ. 2003ರಲ್ಲಿ ಈ ಕೇಸಿನ ಮುಖ್ಯ ಆರೋಪಿ ದಾರಾ ಸಿಂಗ್‌ಗೆ ಮರಣದಂಡನೆ. 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನೇ ಎತ್ತಿಹಿಡಿಯಿತು. ಇಷ್ಟೂ ವರ್ಷ ಗ್ಲಾಡಿಸ್ ಅವರ ಕ್ಷಮೆ ಒಂದು ಕಡೆ ಇತ್ತು, ಕೇಸು ಇನ್ನೊಂದು ಕಡೆ ನಡೆಯುತ್ತಿತ್ತು. ಆಕೆಯ ಕ್ಷಮೆಗೆ ಕಾನೂನಿನಲ್ಲಿ ಯಾವ ಬಲವೂ ಇರಲಿಲ್ಲ. ಇರಬೇಕು ಎಂದು ಆಕೆ ಕೇಳಲೂ ಇಲ್ಲ.

ಕ್ರೈಸ್ತರ ಚಿಂತನೆಯ ಮುಖ್ಯ ದಾರಿ ಇದೇ. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ತೆಗೆಯಿರಿ. ನೀವೇ ಸೇಡು ತೀರಿಸಿಕೊಳ್ಳಬೇಡಿ, ಅದನ್ನು ದೇವರಿಗೆ ಬಿಡಿ, ನಿಮ್ಮ ವೈರಿ ಹಸಿದಿದ್ದರೆ ಊಟ ಹಾಕಿ ಅನ್ನುತ್ತಾನೆ. ಪುಟ ತಿರುಗಿಸಿ 13ಕ್ಕೆ ಬಂದರೆ, ಅಧಿಕಾರಿಯ ಕೈಯಲ್ಲಿ ಕತ್ತಿ ಸುಮ್ನೆ ಇಲ್ಲ, ಕೆಟ್ಟದ್ದು ಮಾಡಿದವನಿಗೆ ಭಯ ಇರಲಿ ಅನ್ನುತ್ತಾನೆ. ಒಂದರ ಪಕ್ಕ ಒಂದು ಅಧ್ಯಾಯ. ನೊಂದವನು ಕ್ಷಮಿಸಬೇಕು, ರಾಜ್ಯ ಶಿಕ್ಷಿಸಬಹುದು. ಎರಡೂ ಕೆಲಸಕ್ಕೆ ಬೇರೆ ಬೇರೆ ಜನ.

ಪೋಪ್ ಎರಡನೇ ಜಾನ್ ಪಾಲ್ ಅವರ ಕಥೆಯೂ ಹೀಗೇ. 1981ರ ಮೇ 13ರಂದು ಮೆಹ್ಮೆತ್ ಅಲಿ ಆಜಾ ಎಂಬ ಟರ್ಕಿಯವನು ಗುಂಡು ಹಾರಿಸಿದ. ನಾಲ್ಕೇ ದಿನದಲ್ಲಿ, ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ, ಪೋಪ್ ಅವನನ್ನು ಕ್ಷಮಿಸಿದೆ ಎಂದರು. 1983ರಲ್ಲಿ ಜೈಲಿಗೆ ಹೋಗಿ ಅವನ ಪಕ್ಕ ಕೂತು ಮಾತಾಡಿಸಿದರು. ಆದರೂ ಆಜಾ ಇಟಲಿಯ ಜೈಲಿನಿಂದ ಹೊರಬಿದ್ದದ್ದು 2000ದಲ್ಲಿ. ಅದೂ ರಾಷ್ಟ್ರಪತಿ ಕ್ಷಮಾದಾನ ಕೊಟ್ಟ ಮೇಲೆ.

ಕ್ರೈಸ್ತನಿಗೆ ಕ್ಷಮೆ ಐಚ್ಛಿಕ ಅಲ್ಲ, ಕಡ್ಡಾಯ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಚರ್ಚಿನಲ್ಲಿ ಕೂತ ಪುಟ್ಟ ಮಗುವೂ ಪ್ರಾರ್ಥಿಸುತ್ತದೆ. ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ ಎಂದು ಶಿಷ್ಯ ಪೇತ್ರ ಕೇಳಿದರೆ ಯೇಸು ಹೇಳಿದ್ದು ಏಳೆಪ್ಪತ್ತು ಸಾರಿ. ಇದು ದೊಡ್ಡ ಹೊರೆ. ಮಗು ಕಳಕೊಂಡ ತಾಯಿಗೆ, ನೀನು ಕ್ಷಮಿಸದಿದ್ದರೆ ದೇವರು ನಿನ್ನನ್ನೂ ಕ್ಷಮಿಸಲ್ಲ ಅಂದರೆ ಅವಳ ಗತಿ ಏನು? ಈ ಹೊರೆಯ ಬಗ್ಗೆ ಚರ್ಚುಗಳಲ್ಲಿ ಮಾತು ಕಡಿಮೆ ಅಂತ ನನಗೆ ಅನ್ನಿಸುತ್ತದೆ.

ಆದರೆ ಆ ಹೊರೆ ಹೊತ್ತವರನ್ನು ನೋಡಿದರೆ ಮಾತೇ ಹೊರಡುವುದಿಲ್ಲ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಬಡ ರೈತರು, ಆದಿವಾಸಿಗಳ ಜೊತೆ ಕೆಲಸ ಮಾಡುತ್ತಿದ್ದರು. ಸಾಹುಕಾರರ ಸಾಲದಿಂದ ಜನರನ್ನು ಬಿಡಿಸುವ ಕೆಲಸ. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ ಸಮುಂದರ್ ಸಿಂಗ್ ಎಂಬವನು ಆಕೆಯನ್ನು ಇರಿದು ಕೊಂದ. ಮೈಮೇಲೆ 50ಕ್ಕೂ ಹೆಚ್ಚು ಗಾಯ. 2002ರಲ್ಲಿ ಆಕೆಯ ತಂಗಿ ಸಿಸ್ಟರ್ ಸೆಲ್ಮಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮನೆಯವರೇ ಅವನ ಬಿಡುಗಡೆಗೆ ಅರ್ಜಿ ಹಾಕಿದರು, 2006ರಲ್ಲಿ ಹೊರಬಂದ. ಆಮೇಲೆ ಅವನು ಕೇರಳಕ್ಕೆ ಹೋಗಿ ರಾಣಿ ಮರಿಯಾ ಅವರ ವಯಸ್ಸಾದ ತಾಯಿಯನ್ನು ಕಂಡ. ಆ ತಾಯಿ ಅವನ ಎರಡೂ ಕೈ ಹಿಡಿದು ಮುತ್ತಿಟ್ಟರು. ಮಗಳನ್ನು ಇರಿದ ಕೈಗಳು ಅವು.

ಈಗ ಇಸ್ಲಾಮಿನ ಕಡೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದರೆ ನಮಗೆ ಗೊತ್ತಿಲ್ಲದ್ದು ಇಲ್ಲೇ ಹೆಚ್ಚು.

ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂಬ ನಿಯಮ ಮೂಲದಲ್ಲಿ ತೋರಾದ್ದು, ಅಂದರೆ ಯೆಹೂದ್ಯರ ಧರ್ಮಶಾಸ್ತ್ರದ್ದು. ಯೇಸು ಅದನ್ನೇ ಎತ್ತಿಕೊಂಡು, ಹೀಗೆ ಹೇಳಿದ್ದನ್ನು ಕೇಳಿದ್ದೀರಿ, ಆದರೆ ನಾನು ಹೇಳುತ್ತೇನೆ, ಕೆಡುಕನಿಗೆ ಎದುರು ನಿಲ್ಲಬೇಡಿ ಎಂದ. ಕುರ್‌ಆನಿನ 5ನೇ ಅಧ್ಯಾಯದ 45ನೇ ವಚನವೂ ಅದೇ ನಿಯಮವನ್ನು ಎತ್ತಿಕೊಳ್ಳುತ್ತದೆ. ಅದನ್ನು ತೆಗೆದುಹಾಕುವುದಿಲ್ಲ, ಆದರೆ ಒಂದು ಮಾತು ಸೇರಿಸುತ್ತದೆ: ಯಾರು ಅದನ್ನು ದಾನವಾಗಿ ಬಿಟ್ಟುಕೊಡುತ್ತಾನೋ ಅವನ ಪಾಪಗಳಿಗೆ ಅದು ಪರಿಹಾರ. ಅದೇ ಹಳೇ ನಿಯಮದಿಂದ ಎರಡು ದಾರಿ ಹೊರಟಿದೆ. ಒಂದು ದಾರಿಯಲ್ಲಿ ನೊಂದವನಿಗೆ ಸೇಡಿನ ಹಕ್ಕೇ ಇಲ್ಲ. ಇನ್ನೊಂದರಲ್ಲಿ ಹಕ್ಕು ಇದೆ, ಆದರೆ ಅದನ್ನು ಬಿಟ್ಟವನು ದೊಡ್ಡವನು.

ಆ ಹಕ್ಕಿಗೂ ಮಿತಿ ಇದೆ. ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ಒಬ್ಬ ಸತ್ತರೆ ಎದುರು ಬುಡಕಟ್ಟಿನ ಹತ್ತು ಜನರನ್ನು ಕೊಂದರೂ ಸಮಾಧಾನ ಇಲ್ಲ. ವರ್ಷಾನುಗಟ್ಟಲೆ ರಕ್ತ ಹರಿಯುತ್ತಿತ್ತು. ಕಿಸಾಸ್ ಎಂಬ ಕಾನೂನು ಬಂದು ಒಂದು ಜೀವಕ್ಕೆ ಒಂದೇ ಜೀವ, ಅದೂ ಕೊಂದವನದೇ, ಅದೂ ವಿಚಾರಣೆ ಆದ ಮೇಲೆ ಎಂದಿತು. ಸತ್ತವನ ವಾರಸುದಾರರ ಮುಂದೆ ಮೂರು ದಾರಿ. ಪ್ರಾಣಕ್ಕೆ ಪ್ರಾಣ ಕೇಳಬಹುದು, ದಿಯತ್ ಅಂದರೆ ರಕ್ತಪರಿಹಾರದ ಹಣ ತಗೊಂಡು ಬಿಡಬಹುದು, ಏನೂ ತಗೊಳ್ಳದೆ ಕ್ಷಮಿಸಬಹುದು. ಬಹುಪಾಲು ಪಂಡಿತರ ಪ್ರಕಾರ ವಾರಸುದಾರರಲ್ಲಿ ಒಬ್ಬರು ಕ್ಷಮಿಸಿದರೂ ಸಾಕು, ಗಲ್ಲು ನಿಲ್ಲುತ್ತದೆ.

ಅಂದರೆ ಇಲ್ಲಿ ಕ್ಷಮೆಗೆ ಕಾನೂನಿನ ಬಲ ಇದೆ. ಗ್ಲಾಡಿಸ್ ಅವರಿಗೆ ಇಲ್ಲದ ಅಧಿಕಾರ ಇಲ್ಲಿ ತಾಯಿಯೊಬ್ಬಳಿಗೆ ಇದೆ.

ಇರಾನಿನ ಸಮೇರೆ ಅಲಿನೆಜಾದ್ ಅಂಥ ತಾಯಿ. ಮಾಜಂದರಾನ್ ಪ್ರಾಂತ್ಯದವರು. 2007ರಲ್ಲಿ ಬೀದಿ ಜಗಳದಲ್ಲಿ ಬಲಾಲ್ ಎಂಬ ಹುಡುಗ ಅವರ ಮಗ ಅಬ್ದುಲ್ಲಾನನ್ನು ಇರಿದ. ಇರಿದವನಿಗೆ 19, ಸತ್ತವನಿಗೆ 18. ಸಮೇರೆ ಇನ್ನೊಬ್ಬ ಚಿಕ್ಕ ಮಗನನ್ನೂ ಅಪಘಾತದಲ್ಲಿ ಕಳಕೊಂಡಿದ್ದರು. ಏಳು ವರ್ಷ ಅವರು ಕ್ಷಮಿಸಲ್ಲ ಎಂದೇ ಹಟ ಹಿಡಿದಿದ್ದರು. 2014ರ ಏಪ್ರಿಲ್‌ನಲ್ಲಿ ಬಲಾಲ್‌ನನ್ನು ಜನರೆದುರು ನೇಣುಗಂಬಕ್ಕೆ ತಂದರು. ಕಣ್ಣಿಗೆ ಕಪ್ಪು ಬಟ್ಟೆ, ಕಾಲ ಕೆಳಗೆ ಕುರ್ಚಿ, ಕುತ್ತಿಗೆಗೆ ಹಗ್ಗ. ಕುರ್ಚಿ ತಳ್ಳುವ ಹಕ್ಕು ಸತ್ತವನ ಮನೆಯವರದು. ಸಮೇರೆ ಮುಂದೆ ಬಂದರು. ಖಾಲಿ ಮನೆಯಲ್ಲಿ ಬದುಕುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾ ಎಂದು ಸೇರಿದ್ದ ಜನರನ್ನು ಕೇಳಿದರು. ಬಲಾಲ್‌ನ ಕೆನ್ನೆಗೆ ಜೋರಾಗಿ ಒಂದು ಬಾರಿಸಿದರು. ಆಮೇಲೆ ಗಂಡನ ಜೊತೆ ಸೇರಿ ಅವನ ಕುತ್ತಿಗೆಯ ಹಗ್ಗ ತೆಗೆದರು.

ಅಲ್ಲಿದ್ದ ಫೋಟೋಗ್ರಾಫರ್ ತೆಗೆದ ಚಿತ್ರಗಳು ಲೋಕವೆಲ್ಲ ಸುತ್ತಿದವು. ಅದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ನೇಣುಗಂಬದ ಚಿತ್ರ ಅಲ್ಲ. ಬಲಾಲ್‌ನ ತಾಯಿ ಸಮೇರೆಯನ್ನು ತಬ್ಬಿಕೊಂಡು ಅಳುವ ಚಿತ್ರ. ಒಬ್ಬಳ ಮಗ ಮಣ್ಣಾಗಿದ್ದಾನೆ, ಇನ್ನೊಬ್ಬಳ ಮಗ ಈಗ ತಾನೇ ಉಳಿದಿದ್ದಾನೆ.

ಆ ಕೆನ್ನೆಯೇಟನ್ನು ನಾನು ತಪ್ಪು ಅನ್ನಲಾರೆ. ಕ್ಷಮೆ ಅಂದರೆ ಸಿಟ್ಟೇ ಇಲ್ಲದವರ ಕೆಲಸ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಸಿಟ್ಟು ಪೂರ್ತಿ ಇತ್ತು. ಕೊಲ್ಲುವ ಹಕ್ಕೂ ಪೂರ್ತಿ ಕೈಯಲ್ಲಿತ್ತು. ಇನ್ನೊಂದು ವಿಷಯ, ಬಲಾಲ್ ಅವತ್ತೇ ಮನೆಗೆ ಹೋಗಲಿಲ್ಲ. ವಾರಸುದಾರರ ಕ್ಷಮೆ ನೇಣನ್ನು ಮಾತ್ರ ತಪ್ಪಿಸುತ್ತದೆ. ಸಮಾಜಕ್ಕೆ ಮಾಡಿದ ಅಪರಾಧಕ್ಕೆ ಜೈಲು ಶಿಕ್ಷೆ ಕೊಡುವ ಅಧಿಕಾರ ಇರಾನಿನ ಕೋರ್ಟಿಗೆ ಉಳಿದೇ ಇರುತ್ತದೆ.

ಇಸ್ಲಾಮಿ ಕಾನೂನಿನಲ್ಲಿ ಎಲ್ಲ ಅಪರಾಧವನ್ನೂ ಹೀಗೆ ಕ್ಷಮಿಸಲು ಬರುವುದಿಲ್ಲ. ಹುದೂದ್ ಎಂಬ, ಶಿಕ್ಷೆ ಮೊದಲೇ ನಿಗದಿಯಾದ ಕೆಲವು ಅಪರಾಧಗಳಿವೆ, ಕಳ್ಳತನ ಅದರಲ್ಲೊಂದು. ಹದೀಸಿನಲ್ಲಿ, ಅಂದರೆ ಪ್ರವಾದಿಯ ನಡೆನುಡಿಗಳ ಸಂಗ್ರಹದಲ್ಲಿ, ಸಫ್ವಾನ್ ಎಂಬವರ ಪ್ರಸಂಗ ಬರುತ್ತದೆ. ಅವರ ಹೊದಿಕೆಯನ್ನು ಒಬ್ಬ ಕದ್ದ, ಹಿಡಿದು ಪ್ರವಾದಿ ಮುಹಮ್ಮದರ ಮುಂದೆ ತಂದರು. ಕೈ ಕಡಿಯುವ ತೀರ್ಪಾದಾಗ ಸಫ್ವಾನ್ ಗಾಬರಿಯಾಗಿ, ಹೊದಿಕೆ ಅವನಿಗೇ ಕೊಟ್ಟುಬಿಟ್ಟೆ ಎಂದರು. ನನ್ನ ಹತ್ತಿರ ತರುವ ಮುಂಚೆಯೇ ಹಾಗೆ ಮಾಡಬಾರದಿತ್ತೇ ಎಂದು ಪ್ರವಾದಿ ಕೇಳಿದರಂತೆ. ಕೊಲೆಯನ್ನು ಕೊನೇ ಕ್ಷಣದವರೆಗೆ ಕ್ಷಮಿಸಬಹುದು, ಕಟ್ಟೆ ಹತ್ತಿದ ಕಳ್ಳತನವನ್ನು ಕ್ಷಮಿಸುವಂತಿಲ್ಲ. ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ, ನಿಜ. ಆದರೆ ಅದೇ ಪರಂಪರೆಯಲ್ಲಿ, ಚೂರು ಸಂಶಯ ಇದ್ದರೂ ಆ ಶಿಕ್ಷೆ ಬೇಡ ಎಂಬ ನಿಯಮ ಇದೆ. ಬರಗಾಲದ ವರ್ಷ ಖಲೀಫಾ ಉಮರ್ ಕಳ್ಳತನದ ಶಿಕ್ಷೆಯನ್ನೇ ನಿಲ್ಲಿಸಿದರು ಎಂಬ ಮಾತನ್ನು ಇವತ್ತಿಗೂ ಹೇಳುತ್ತಾರೆ.

ಈ ಎರಡು ದಾರಿ ನಮ್ಮ ದೇಶದಲ್ಲೇ ಒಮ್ಮೆ ಎದುರುಬದುರಾದವು. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೆಸರು ನಮಗೆ ಚೆನ್ನಾಗಿ ಗೊತ್ತು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಈ ಯುದ್ಧ ನಡೆಯುತ್ತಿದ್ದಾಗಲೇ, 1790ರ ಡಿಸೆಂಬರ್‌ನಲ್ಲಿ, ಅವನು ಬಂಗಾಳದ ಕ್ರಿಮಿನಲ್ ಕೋರ್ಟುಗಳನ್ನು ಕಂಪನಿಯ ಕೈಗೆ ತಗೊಂಡ. ಅಲ್ಲಿಯವರೆಗೆ ಆ ಕೋರ್ಟುಗಳಲ್ಲಿ ಇಸ್ಲಾಮಿ ಕಾನೂನು ನಡೆಯುತ್ತಿತ್ತು. ಕೊಲೆಗಾರನನ್ನು ಕ್ಷಮಿಸುವ ವಾರಸುದಾರರ ಹಕ್ಕನ್ನು ಕಾರ್ನ್‌ವಾಲಿಸ್ ರದ್ದು ಮಾಡಿದ. ಕೊಲೆಗಾರ ದುಡ್ಡು ಕೊಟ್ಟು ಪಾರಾಗುತ್ತಾನೆ, ಇದು ನ್ಯಾಯವಲ್ಲ ಎಂಬುದು ಕಂಪನಿಯವರ ವಾದ. ಕೈಕಾಲು ಕಡಿಯುವ ಶಿಕ್ಷೆಯನ್ನೂ ತೆಗೆದು ಜೈಲು ತಂದರು.

ಇದನ್ನು ಓದಿ, ಬಿಳಿಯರು ನಾಗರಿಕತೆ ತಂದರು ಎಂದುಕೊಳ್ಳುವ ಮುಂಚೆ ಅದೇ ಕಾಲದ ಇಂಗ್ಲೆಂಡನ್ನು ನೋಡಿ. ಅಲ್ಲಿ 200ಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇತ್ತು. ಅಂಗಡಿಯಿಂದ 5 ಶಿಲ್ಲಿಂಗ್ ಬೆಲೆಯ ಸಾಮಾನು ಕದ್ದರೂ ಗಲ್ಲು! ಪಾಪ, ಜ್ಯೂರಿಯಲ್ಲಿ ಕೂತ ಸಾಮಾನ್ಯ ಜನ ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ 4 ಶಿಲ್ಲಿಂಗ್ 10 ಪೆನ್ಸ್ ಎಂದು ಬರೆಸಿ ಎಷ್ಟೋ ಜನರ ಜೀವ ಉಳಿಸಿದರು. ಭಾನುವಾರ ಚರ್ಚಿನಲ್ಲಿ ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಕೇಳಿದ ಸಮಾಜವೇ ಅದು. ವ್ಯಾಟಿಕನ್ನಿನ ಕಾನೂನಿನಲ್ಲೂ 1969ರವರೆಗೆ ಮರಣದಂಡನೆ ಇತ್ತು. ಯಾವ ಸಂದರ್ಭದಲ್ಲೂ ಅದನ್ನು ಒಪ್ಪಲಾಗದು ಎಂದು ಕಥೋಲಿಕ ಸಭೆ ತನ್ನ ಧರ್ಮಬೋಧೆಯಲ್ಲಿ ಬರೆದುಕೊಂಡದ್ದು 2018ರಲ್ಲಿ, ಪೋಪ್ ಫ್ರಾನ್ಸಿಸ್ ಕಾಲದಲ್ಲಿ.

1860ರ ದಂಡಸಂಹಿತೆ ಕಾರ್ನ್‌ವಾಲಿಸ್‌ನ ದಾರಿಯನ್ನೇ ಗಟ್ಟಿ ಮಾಡಿತು. ಅದು ನಮಗೂ ಬಂತು, ಪಾಕಿಸ್ತಾನಕ್ಕೂ ಬಂತು. ಪಾಕಿಸ್ತಾನ 1990ರಲ್ಲಿ ಕಿಸಾಸ್ ಮತ್ತು ದಿಯತ್ ಕಾನೂನು ತಂದು ವಾರಸುದಾರರ ಹಕ್ಕನ್ನು ವಾಪಸ್ ತಂದಿತು. ಎಡವಟ್ಟು ಅಲ್ಲಿ ಶುರುವಾಯಿತು.

ಸಾಲ ಕೊಟ್ಟವನು ಸಾಲ ಮನ್ನಾ ಮಾಡಬಹುದು, ಅಲ್ವಾ? ಪಕ್ಕದ ಮನೆಯವನು ಮಾಡಲಾಗದು, ಸಾಲ ತಗೊಂಡವನ ಅಪ್ಪ ಅಮ್ಮನೂ ಮಾಡಲಾಗದು. ಮರ್ಯಾದೆಗೇಡು ಹತ್ಯೆಯಲ್ಲಿ ಆಗುವುದೇ ಇದು. ಮಗಳನ್ನು ಕೊಂದವನು ಮಗ. ಮಗಳ ವಾರಸುದಾರರು ಅಪ್ಪ ಅಮ್ಮ. ಕೊಂದವನ ಅಪ್ಪ ಅಮ್ಮನೂ ಅವರೇ. ಅವರು ಕ್ಷಮಿಸಿದರೆ ಸತ್ತವಳ ಪರವಾಗಿ ಮಾತಾಡಲು ಯಾರೂ ಉಳಿಯುವುದಿಲ್ಲ. ಕಂದೀಲ್ ಬಲೋಚ್ ಸಾಮಾಜಿಕ ಜಾಲತಾಣದಲ್ಲಿ ಹೆಸರು ಮಾಡಿದ ಹುಡುಗಿ. 2016ರ ಜುಲೈನಲ್ಲಿ ಒಡಹುಟ್ಟಿದವನೇ ಕೊಂದ. ದೇಶವೆಲ್ಲ ಕೂಗೆದ್ದು, ಅದೇ ಅಕ್ಟೋಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿತು: ಇಂಥ ಹತ್ಯೆಯಲ್ಲಿ ಮನೆಯವರು ಕ್ಷಮಿಸಿದರೂ ಜೀವಾವಧಿ ತಪ್ಪದು. 2019ರಲ್ಲಿ ಅವನಿಗೆ ಜೀವಾವಧಿ ಆಯಿತು. ಆದರೆ ತಾಯಿ ಕ್ಷಮಿಸಿದ್ದು, ಸಾಕ್ಷಿಗಳು ಮಾತು ಬದಲಿಸಿದ್ದು ಎಲ್ಲ ಸೇರಿ 2022ರಲ್ಲಿ ಹೈಕೋರ್ಟಿನಿಂದ ಖುಲಾಸೆಯಾದ. ಇದನ್ನು ಕ್ಷಮೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ದುಡ್ಡಿನ ವಿಷಯವೂ ಹಾಗೇ. 2011ರ ಜನವರಿಯಲ್ಲಿ ಲಾಹೋರಿನಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದ ಅಮೆರಿಕದ ರೇಮಂಡ್ ಡೇವಿಸ್ ಮಾರ್ಚ್‌ನಲ್ಲಿ ದಿಯತ್ ಮೂಲಕ ಬಿಡುಗಡೆಯಾಗಿ ಹೊರಟುಹೋದ. ಬಡವ ಕ್ಷಮಿಸುವಾಗ ಅವನ ಹಿಂದೆ ನಿಂತು ಒತ್ತುತ್ತಿರುವವರು ಯಾರು ಅಂತ ಕೇಳದಿದ್ದರೆ ಈ ಕಾನೂನು ಉಳ್ಳವರ ಕೈಗೆ ಸಿಗುತ್ತದೆ.

ಕ್ರೈಸ್ತರ ಕಡೆಯೂ ಎಡವಿದ್ದು ಇದೇ ಕಲ್ಲಿಗೆ. 2002ರಲ್ಲಿ ಅಮೆರಿಕದ ಬಾಸ್ಟನ್ ಧರ್ಮಪ್ರಾಂತ್ಯದ ಹಗರಣ ಬಯಲಾಯಿತು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಪೊಲೀಸರಿಗೆ ಒಪ್ಪಿಸದೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಆ ಧರ್ಮಪ್ರಾಂತ್ಯದ ಮುಖ್ಯಸ್ಥ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ತಪ್ಪು ಮಾಡಿದವನಿಗೆ ಇನ್ನೊಂದು ಅವಕಾಶ ಕೊಟ್ಟವರು ಮೇಲಿನವರು, ಅದರ ಬೆಲೆ ತೆತ್ತವರು ಮಕ್ಕಳು. ಆ ಮಕ್ಕಳನ್ನು ಯಾರೂ ಕೇಳಲಿಲ್ಲ. ಪಾಕಿಸ್ತಾನದಲ್ಲಿ ಕಾನೂನಿನ ಹೆಸರಲ್ಲಿ ಆದದ್ದು ಬಾಸ್ಟನ್ನಿನಲ್ಲಿ ಕರುಣೆಯ ಹೆಸರಲ್ಲಿ ಆಯಿತು. ನೋವು ಒಬ್ಬರದು, ಕ್ಷಮಾದಾನ ಇನ್ನೊಬ್ಬರದು.

ಮಾತು ಮುಗಿದ ಮೇಲೆ ಮೊದಲ ಪ್ರಶ್ನೆ ಬಂದದ್ದು ಗಲ್ಫಿನಲ್ಲಿ ಕೆಲಸ ಮಾಡಿ ಬಂದ ಹಿರಿಯರೊಬ್ಬರಿಂದ. ಸಾರ್, ನಮ್ಮ ಕರಾವಳಿಯ ಮಕ್ಕಳು ಎಷ್ಟೋ ಜನ ಅಲ್ಲಿದ್ದಾರೆ, ಬ್ಲಡ್ ಮನಿ ಇರುವುದರಿಂದ ನಮ್ಮವರ ಜೀವ ಉಳಿಯುತ್ತೆ, ಅದನ್ನು ಯಾಕೆ ಬೈತೀರಿ ಅಂದರು. ಬೈದಿಲ್ಲ. ಹುಡುಗನೊಬ್ಬನ ಸಾವಿನ ಕೇಸಿನಲ್ಲಿ ಸಿಕ್ಕಿಬಿದ್ದ ಕೋಝಿಕ್ಕೋಡಿನ ಅಬ್ದುಲ್ ರಹೀಮ್ ಅವರನ್ನು ಸೌದಿಯಲ್ಲಿ ಗಲ್ಲಿನಿಂದ ಉಳಿಸಲು 2024ರಲ್ಲಿ ಮಲಯಾಳಿಗಳು 34 ಕೋಟಿ ರೂಪಾಯಿ ಕೂಡಿಸಿದರು. ಜಾತಿ ಧರ್ಮ ನೋಡದೆ ಕೊಟ್ಟ ಹಣ ಅದು, ಕೇಳಿದರೆ ಎದೆ ತುಂಬುತ್ತದೆ. ಸತ್ತ ಹುಡುಗನ ಮನೆಯವರು ಒಪ್ಪಿದರು, ಗಲ್ಲು ತಪ್ಪಿತು.

ಆದರೆ ಯೆಮನ್‌ನಲ್ಲಿ ಕೊಲೆ ಕೇಸಿನಲ್ಲಿ ಗಲ್ಲು ಶಿಕ್ಷೆಯಾದ ಕೇರಳದ ನರ್ಸ್ ನಿಮಿಷಾ ಪ್ರಿಯಾ ಅವರ ವಿಷಯ ಬಂದಾಗ, 2025ರ ಜುಲೈನಲ್ಲಿ ಗಲ್ಲಿನ ದಿನ ಮುಂದೆ ಹೋದ ಮೇಲೆ, ಸತ್ತವನ ಸಹೋದರ ನಾವು ಕ್ಷಮಿಸುವುದಿಲ್ಲ ಎಂದ. ನಮ್ಮ ಕಡೆ ಎಷ್ಟೋ ಜನ ಅವನನ್ನು ಕಟುಕ ಎಂಬಂತೆ ಬರೆದರು. ನಿಮಿಷಾ ಬದುಕಲಿ ಎಂದು ನಾನೂ ಬಯಸುತ್ತೇನೆ, ಮರಣದಂಡನೆಯನ್ನೇ ನಾನು ಒಪ್ಪುವವನಲ್ಲ. ಆದರೆ ಆ ಮನೆಯವರ ಮುಂದೆ ಕೈಮುಗಿದು ಬೇಡಬೇಕೇ ಹೊರತು ಗದರಿಸಿ ಕೇಳುವ ಹಾಗಿಲ್ಲ. ಹೋದದ್ದು ಅವರ ಮನೆಯವನು.

ಎರಡನೇ ಪ್ರಶ್ನೆ ಕಾನೂನು ಓದುವ ಹುಡುಗಿಯೊಬ್ಬಳದು. ನೊಂದವರು ಕ್ಷಮಿಸಲೇಬೇಕಾ, ಕ್ಷಮಿಸದಿದ್ದರೆ ಅವರು ಕೆಟ್ಟವರಾ? ನಮ್ಮಲ್ಲಿ ಕೊಲೆ ಕೇಸಿನಲ್ಲಿ ರಾಜಿಗೆ ಅವಕಾಶ ಇಲ್ಲ, ಕೇಸು ಸರ್ಕಾರದ್ದು. 2009ರ ತಿದ್ದುಪಡಿಯಲ್ಲಿ ನೊಂದವರಿಗೆ ಮೇಲ್ಮನವಿಯ ಹಕ್ಕು ಬಂತು, ಅಷ್ಟೇ. ಹಾಗಾಗಿ ಅವರ ಬಾಯಿಂದ ಏನು ಬರುತ್ತದೆ ಎಂದು ಕೇಳುವ ರೂಢಿಯೇ ನಮಗೆ ಬೆಳೆದಿಲ್ಲ.

ನಾನು ಅವಳಿಗೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ವಿಷಯ ಹೇಳಿದೆ. 2019ರ ಮಾರ್ಚ್ 15ರಂದು ಅಲ್ಲಿನ ಎರಡು ಮಸೀದಿಗಳಲ್ಲಿ 51 ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಗಾಲಿಕುರ್ಚಿಯಲ್ಲಿ ಓಡಾಡುವ ಫರೀದ್ ಅಹ್ಮದ್ ಅವರ ಹೆಂಡತಿ ಹುಸ್ನಾ ಹೆಂಗಸರು ಮಕ್ಕಳನ್ನು ಹೊರಗೆ ಕಳಿಸಿ, ಗಂಡನಿಗಾಗಿ ವಾಪಸ್ ಬರುವಾಗ ಗುಂಡಿಗೆ ಬಲಿಯಾದರು. ಫರೀದ್ ಕೆಲವೇ ದಿನಗಳಲ್ಲಿ ಕೊಲೆಗಾರನನ್ನು ಕ್ಷಮಿಸಿದೆ ಎಂದರು. 2020ರ ಆಗಸ್ಟ್‌ನಲ್ಲಿ ಶಿಕ್ಷೆ ತೀರ್ಮಾನಿಸಲು ಕೋರ್ಟ್ ಸೇರಿತು. ನೊಂದವರು ಒಬ್ಬೊಬ್ಬರಾಗಿ ಎದ್ದು, ಎದುರು ಕೂತ ಅವನನ್ನು ನೋಡುತ್ತಾ ಮಾತಾಡಿದರು. ಮಗನನ್ನು ಕಳಕೊಂಡ ಒಬ್ಬ ತಾಯಿ ನನ್ನಲ್ಲಿ ದ್ವೇಷ ಇಲ್ಲ, ನಿನ್ನನ್ನು ಕ್ಷಮಿಸಿದ್ದೇನೆ ಎಂದರು. ಮಗನನ್ನು ಕಳಕೊಂಡ ಇನ್ನೊಬ್ಬ ತಾಯಿ ನಿನ್ನನ್ನು ಕ್ಷಮಿಸಲು ನನ್ನಿಂದಾಗದು ಎಂದರು. ಇಬ್ಬರೂ ಮುಸ್ಲಿಮರು, ಇಬ್ಬರೂ ಅದೇ ಕುರ್‌ಆನ್ ಓದುವವರು. ಯಾರೂ ಮೊದಲನೆಯವರನ್ನು ದೇವತೆ ಮಾಡಲಿಲ್ಲ, ಎರಡನೆಯವರಿಗೆ ಬುದ್ಧಿ ಹೇಳಲಿಲ್ಲ. ನ್ಯಾಯಾಧೀಶರು ಮೂರು ದಿನ ಎಲ್ಲರ ಮಾತನ್ನೂ ಕೇಳಿಸಿಕೊಂಡು, ನಾಲ್ಕನೇ ದಿನ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಕೊಟ್ಟರು. ಆ ದೇಶದಲ್ಲಿ ಅಂಥ ಶಿಕ್ಷೆ ಅದೇ ಮೊದಲು.